ಏಕವಚನಕ್ಕಿಳಿಯುವ ಹೊತ್ತು

2020ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆದ ‘ಪ್ಯಾರಸೈಟ್’ ಎಂಬ ಕೊರಿಯನ್ ಚಿತ್ರದ ನಿರ್ದೇಶಕ ಬಾಂಗ್ ಜೂನ್-ಹೋ ವೇದಿಕೆಯ ಮೇಲೆ ಆಡಿದ ಮಾತು ಈಗ ಗಾದೆಯ ಹಾಗೆ ಓಡಾಡುತ್ತಿದೆ. ಸಬ್‌ಟೈಟಲ್ ಎಂಬ ಒಂದಂಗುಲದ ಗೋಡೆ ದಾಟಿದರೆ ಆಚೆಗೆ ಎಷ್ಟೋ ಒಳ್ಳೆಯ ಚಿತ್ರಗಳಿವೆ ಎಂಬುದು ಅದರ ಸಾರ. ಪರದೆಯ ಮೇಲೆ ಅಕ್ಷರ ಕಂಡರೆ ಮುಖ ತಿರುಗಿಸುವ ಅಮೆರಿಕದ ಪ್ರೇಕ್ಷಕರಿಗೆ ಆ ಏಟು ಬೇಕಿತ್ತು. ಆದರೆ ಕೊರಿಯನ್ ಪ್ರೇಮ ಧಾರಾವಾಹಿಗಳ ಅಭಿಮಾನಿಗಳು ಅದನ್ನು ಬೇರೆಲ್ಲಿಗೋ ಎಳೆದಿದ್ದಾರೆ. ಪ್ರೀತಿಗೆ ಭಾಷೆಯ ಹಂಗಿಲ್ಲವಂತೆ; ಕಣ್ಣೇ ಎಲ್ಲ ಹೇಳುತ್ತದಂತೆ; ಕೆಳಗೆ ನಾಲ್ಕು ಪದ ಇಂಗ್ಲಿಷ್ ಇದ್ದರೆ ಸಾಕಂತೆ.

ಸಾಲದು. ಕೊರಿಯನ್ ಪ್ರೇಮಕಥೆಯ ಅರ್ಧ ನಡೆಯುವುದು ಕ್ರಿಯಾಪದದ ಬಾಲದಲ್ಲಿ. ಆ ಬಾಲವನ್ನು ಇಂಗ್ಲಿಷ್ ಕತ್ತರಿಸಿ ಹಾಕುತ್ತದೆ.

2018ರಲ್ಲಿ ಜೆಟಿಬಿಸಿ ವಾಹಿನಿಯಲ್ಲಿ ಬಂದ ಒಂದು ಧಾರಾವಾಹಿ ಹೊರದೇಶಗಳಲ್ಲಿ ‘ಸಮ್‌ಥಿಂಗ್ ಇನ್ ದ ರೇನ್’ ಎಂದು ಪ್ರಸಿದ್ಧ. ಮಳೆ, ಕೊಡೆ, ಏನೋ ಒಂದು ಮಧುರ ಭಾವ. ಕೊರಿಯನ್ ಶೀರ್ಷಿಕೆಯಲ್ಲಿ ಮಳೆಯ ಹನಿಯೂ ಇಲ್ಲ. ಅದರ ಅರ್ಥ ‘ಚೆನ್ನಾಗಿ ಊಟ ಕೊಡಿಸುವ ಚೆಂದದ ಅಕ್ಕ’! ಸೋನ್ ಯೆ-ಜಿನ್ ನಟಿಸಿದ ನಾಯಕಿ ಕಾಫಿ ಕಂಪನಿಯೊಂದರ ಉದ್ಯೋಗಿ. ನಾಯಕ ಜಂಗ್ ಹೇ-ಇನ್ ಅವಳ ಗೆಳತಿಯ ತಮ್ಮ. ಅವನ ಪಾಲಿಗೆ ಅವಳು ‘ನೂನಾ’, ಅಂದರೆ ಗಂಡಸು ತನ್ನ ಅಕ್ಕನನ್ನು ಕರೆಯುವ ಹೆಸರು. ಹೆಂಗಸು ಅಣ್ಣನನ್ನು ಕರೆಯುವುದು ‘ಓಪ್ಪಾ’. ಒಡಹುಟ್ಟಿದವರಿಗೂ ಇವೇ ಪದ, ಪ್ರೇಮಿಗಳಿಗೂ ಇವೇ ಪದ.

ಕನ್ನಡದ ಕಿವಿಗೆ ಇದು ಗಲಿಬಿಲಿಯ ವಿಷಯ. ಇಲ್ಲಿ ಹುಡುಗಿ ಒಮ್ಮೆ ‘ಅಣ್ಣಾ’ ಅಂದುಬಿಟ್ಟರೆ ಕಥೆ ಮುಗಿಯಿತು. ರಾಖಿ ಹಬ್ಬದ ದಿನ ಕಾಲೇಜಿಗೇ ಚಕ್ಕರ್ ಹೊಡೆಯುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಎಷ್ಟೋ ಸಲ ಕಥೆ ಶುರುವಾಗುವುದೇ ‘ಓಪ್ಪಾ’ದಿಂದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2021ರಲ್ಲಿ ‘ನೂನಾ’, ‘ಓಪ್ಪಾ’ ಎರಡನ್ನೂ ಸೇರಿಸಿಕೊಂಡಿತು. ಆದರೂ ಸಬ್‌ಟೈಟಲ್‌ನಲ್ಲಿ ಎಷ್ಟೋ ಕಡೆ ಆ ಜಾಗಕ್ಕೆ ಬಂದು ಕೂರುವುದು ನಾಯಕಿಯ ಹೆಸರು. ಬಾಯಿ ಅಕ್ಕ ಅನ್ನುತ್ತದೆ, ಅಕ್ಷರ ಜಿನ್-ಆ ಅನ್ನುತ್ತದೆ.

ಇನ್ನು ಗೌರವದ ಮಾತು. ಕೊರಿಯನ್ನಿನಲ್ಲಿ ಮರ್ಯಾದೆಯ ಮಾತಿಗೆ ಜೊಂದೇನ್ಮಾಲ್, ಸಲುಗೆಯ ಮಾತಿಗೆ ಬಾನ್ಮಾಲ್ ಎನ್ನುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ಹೇಳಲು ಅವರು ಬಳಸುವ ನುಡಿಗಟ್ಟಿನ ಅರ್ಥ ‘ಮಾತನ್ನು ಕೆಳಗಿಡುವುದು’. ಕನ್ನಡದಲ್ಲಿ ಏಕವಚನಕ್ಕೆ ಇಳಿಯುತ್ತಾರಲ್ಲ, ಹಾಗೆ. ‘ಕ್ವೆನ್‌ಚನಾಯೊ?’ ಎಂದು ಕೇಳಿದರೆ ‘ಆರಾಮಿದ್ದೀರಾ?’, ಕೊನೆಯ ‘ಯೊ’ ಬಿದ್ದುಹೋದರೆ ‘ಆರಾಮಿದ್ದೀಯಾ?’. ಆ ಒಂದಕ್ಷರ ಉದುರುವುದಕ್ಕೆ ನೋಡುಗರು ಕಂತುಗಟ್ಟಲೆ ಕಾಯುವುದುಂಟು. ಇಂಗ್ಲಿಷಿನಲ್ಲಿ ಎರಡೂ ‘ಆರ್ ಯೂ ಓಕೆ?’. ಗಾಯಕ ಲೀ ಸುಂಗ್-ಗಿ 2004ರಲ್ಲಿ ಹೆಸರು ಮಾಡಿದ ಮೊದಲ ಹಾಡಿನ ಕಥೆಯೂ ಇಷ್ಟೇ. ತನಗಿಂತ ದೊಡ್ಡವಳನ್ನು ಮೆಚ್ಚಿದ ಹುಡುಗ ಇನ್ನು ಅವಳನ್ನು ನೂನಾ ಅನ್ನದೆ ‘ನೀನು’ ಎಂದೇ ಕರೆಯಲು ತೀರ್ಮಾನಿಸುತ್ತಾನೆ. ಹೆಂಡತಿ ಗಂಡನನ್ನು ‘ರೀ, ಇಲ್ನೋಡಿ’ ಎಂದು ಕರೆಯುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಅಲ್ಲಿನ ದಂಪತಿಗಳ ‘ಯೊಬೊ’ ಕೂಡ ನೆಂಟರ ಪದವೇ. ಅದು ‘ಇಲ್ಲಿ ನೋಡು’ ಎಂಬುದರಿಂದ ಬಂತೆಂಬ ವಿವರಣೆ ಅಲ್ಲಿ ಪ್ರಚಲಿತ. (ಅಪ್ಪ ಎಂಬ ಪದ ಎರಡೂ ಕಡೆ ಇದೆ ಎಂದ ಮಾತ್ರಕ್ಕೆ ಕೊರಿಯನ್ ಹುಟ್ಟಿದ್ದೇ ದಕ್ಷಿಣ ಭಾರತದಲ್ಲಿ ಎನ್ನುವ ವಾಟ್ಸಾಪ್ ಪಂಡಿತರನ್ನು ಅವರ ಪಾಡಿಗೆ ಬಿಡುವುದು ಲೇಸು.)

ವಾಕ್ಯದ ಕ್ರಮದಲ್ಲೂ ಪೆಟ್ಟು ಬೀಳುತ್ತದೆ. ಕನ್ನಡದಂತೆ ಅಲ್ಲೂ ಕ್ರಿಯಾಪದ ಕೊನೆಗೆ. ‘ನಿನ್ನ ಮೇಲೆ ನನಗೆ ಮನಸ್ಸು...’ ಎಂದು ನಟ ಉಸಿರು ತೆಗೆದುಕೊಂಡರೆ ಮುಂದೆ ‘ಇದೆ’ ಬರುವುದೋ ‘ಇಲ್ಲ’ ಬರುವುದೋ ಎಂದು ಎದುರಿಗಿರುವವಳಿಗೆ ಗೊತ್ತಿಲ್ಲ. ಇಂಗ್ಲಿಷ್ ಓದುವವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿಬಿಟ್ಟಿರುತ್ತದೆ. ಅವಳ ಎದೆ ಒಡೆಯುವ ಮುಂಚೆಯೇ ಸುದ್ದಿ ಇವನ ಕೈಲಿ.

ಸಬ್‌ಟೈಟಲ್ ಬರೆಯುವವರನ್ನು ಇದಕ್ಕೆ ಬೈಯುವುದು ನ್ಯಾಯವಲ್ಲ. ಅವರಿಗೆ ಸಿಗುವುದು ಎರಡು ಸಾಲು, ಕೆಲವೇ ಸೆಕೆಂಡು. ‘ಪ್ಯಾರಸೈಟ್’ನಲ್ಲಿ ಎರಡು ಬಗೆಯ ನೂಡಲ್ಸ್ ಬೆರೆಸಿ ಮಾಡುವ ‘ಜಪಾಗುರಿ’ಗೆ ಅದರ ಇಂಗ್ಲಿಷ್ ಸಬ್‌ಟೈಟಲ್ ಬರೆದ ಡಾರ್ಸಿ ಪ್ಯಾಕೆಟ್ ‘ರ್‍ಯಾಮ್‌ಡಾನ್’ ಎಂಬ ಹೊಸ ಪದವನ್ನೇ ಕಟ್ಟಿದರು. ಆದರೆ ತಿಂಡಿಗೆ ಹೊಸ ಹೆಸರು ಇಟ್ಟ ಹಾಗೆ ಇಂಗ್ಲಿಷಿನ ‘ಯೂ’ಗೆ ಬಹುವಚನದ ಮರ್ಯಾದೆ ಹೊಲಿಯಲಾಗದು.

ಕಣ್ಣೇ ಸಾಕೆನ್ನುವವರ ಬಳಿ ಇನ್ನೂ ಗಟ್ಟಿಯಾದ ವಾದವೊಂದಿದೆ. ಅದೇ ಊಟದ ಅಕ್ಕನ ಧಾರಾವಾಹಿಯಲ್ಲಿ, ಬೇರೆಯವರೂ ಕೂತಿರುವಾಗ, ನಾಯಕಿ ಮೇಜಿನ ಕೆಳಗೆ ಸದ್ದಿಲ್ಲದೆ ಹುಡುಗನ ಕೈ ಹಿಡಿಯುತ್ತಾಳೆ. ಅದಕ್ಕೆ ಯಾವ ಭಾಷೆ ಬೇಕು? ಕೊರಿಯನ್ ಧಾರಾವಾಹಿ ‘ವಿಂಟರ್ ಸೊನಾಟಾ’ 2003ರಲ್ಲಿ ಜಪಾನಿನ ಎನ್‌ಎಚ್‌ಕೆಯಲ್ಲಿ ಪ್ರಸಾರವಾದಾಗ ಕಥೆಯನ್ನು ಎದೆಗೆ ಹಚ್ಚಿಕೊಂಡ ನಡುವಯಸ್ಸಿನ ಹೆಂಗಸರು ಕೇಳಿದ್ದು ಜಪಾನಿ ಡಬ್ಬಿಂಗ್. ನಾಯಕ ನಟ ಬೇ ಯೋಂಗ್-ಜೂನ್ ಆ ಹೆಂಗಸರ ಬಾಯಲ್ಲಿ ‘ಯೋನ್-ಸಾಮಾ’ ಆದ. ಧಾರಾವಾಹಿಯ ನಾಮಿ ದ್ವೀಪದ ಮರಗಳ ಸಾಲು ಯಾತ್ರಾಸ್ಥಳವಾಯಿತು. ಅವರ ಪ್ರೀತಿ ಸುಳ್ಳೇ? ಅಲ್ಲವೇ ಅಲ್ಲ. ಆದರೆ ಆ ಪ್ರೀತಿ ಡಬ್ಬಿಂಗಿನಲ್ಲೇ ತೃಪ್ತಿಪಟ್ಟು ಕೂರಲಿಲ್ಲ. ಮೂಲದ ದನಿ ಬೇಕೆಂಬ ಬೇಡಿಕೆ ಎದ್ದು, 2004ರ ಕೊನೆಗೆ ಎನ್‌ಎಚ್‌ಕೆ ಕತ್ತರಿ ಹಾಕದ ಕೊರಿಯನ್ ಆವೃತ್ತಿಯನ್ನೇ ಸಬ್‌ಟೈಟಲ್ ಸಮೇತ ತೋರಿಸಿತು. ಎಷ್ಟೋ ಮಂದಿ ಪುಸ್ತಕ ಹಿಡಿದು ಕೊರಿಯನ್ ಕಲಿಯಲು ಕುಳಿತರು. ಕಣ್ಣೇ ಎಲ್ಲ ಹೇಳಿದ್ದರೆ ಆ ಪಾಠ ಯಾಕೆ ಬೇಕಿತ್ತು?

2019ರ ಡಿಸೆಂಬರಿನಲ್ಲಿ ಶುರುವಾದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಧಾರಾವಾಹಿ ಬರೆದ ಪಾರ್ಕ್ ಜಿ-ಉನ್‌ಗೆ ಮಾತಿನ ಈ ಬೆಲೆ ಚೆನ್ನಾಗಿ ಗೊತ್ತಿತ್ತು. ಪ್ಯಾರಾಗ್ಲೈಡಿಂಗ್ ಮಾಡುತ್ತಾ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯಾಕ್ಕೆ ಬಿದ್ದ ಸಿಯೋಲಿನ ಶ್ರೀಮಂತೆಯ ಮಾತು ಅಲ್ಲಿನವರಿಗೆ ಪೂರ್ತಿ ಅರ್ಥವಾಗದು. ಭಾಷೆ ಒಂದೇ, ಪದಗಳು ಬೇರೆ, ರಾಗ ಬೇರೆ. ಧಾರವಾಡದ ಓಣಿಯಲ್ಲಿ ಮೈಸೂರಿನ ಹುಡುಗಿ ನಿಂತ ಹಾಗೆ. ಇಂಗ್ಲಿಷ್ ಓದುವವರಿಗೆ ಇಬ್ಬರ ಮಾತೂ ಒಂದೇ ಇಸ್ತ್ರಿ ಹೊಡೆದ ಬಟ್ಟೆ. ಊರಲ್ಲಿ ಅವಳಿಗೆ ದುಭಾಷಿಯಾಗುವವನು ಕಿಮ್ ಜು-ಮೊಕ್ ಎಂಬ ಸೈನಿಕ. ದಕ್ಷಿಣದ ಧಾರಾವಾಹಿಗಳನ್ನು ಕದ್ದುಮುಚ್ಚಿ ನೋಡಿ ಅಲ್ಲಿನ ಮಾತೆಲ್ಲ ಕಲಿತ ಭೂಪ ಅವನು. ಮುಂದೆ ಅವನು ಸಿಯೋಲಿಗೆ ಬಂದಾಗ ಅವನ ಆರಾಧ್ಯ ನಟಿ, ‘ವಿಂಟರ್ ಸೊನಾಟಾ’ದ ನಾಯಕಿಯೇ ಆದ ಚೋಯ್ ಜಿ-ಊ, ಎದುರಿಗೇ ಬಂದು ಕೂರುತ್ತಾಳೆ. ಜು-ಮೊಕ್‌ಗೆ ನಾಲಗೆಯೇ ಹೊರಳುವುದಿಲ್ಲ.