ಬೇನೆಗೆ ಹೆಸರಿಡುವವರು ಯಾರು?

ಈಚೆಗೆ ನೆಂಟರ ಮನೆಯೊಂದರಲ್ಲಿ, ಎಲೆಯ ಮುಂದೆ ಮಂಕಾಗಿ ಕುಳಿತಿದ್ದ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಅವಳ ಸೋದರತ್ತೆ ‘ಯಾಕಮ್ಮ, ಮುಖ ಬಾಡಿದೆ?’ ಎಂದು ಕೇಳಿದರು, ಅವಳು ‘ನನಗೆ ಆಂಗ್ಸೈಟಿ ಇದೆ ಅತ್ತೆ’ ಎಂದಳು, ಅತ್ತೆ ಸುಮ್ಮನಾದರು. ಆ ಮೌನವು ನನ್ನನ್ನು ಬಹುದಿನ ಕಾಡಿತು. ಹುಡುಗಿ ‘ಏನೋ ಕಳವಳ’ ಎಂದಿದ್ದರೆ ‘ಏತಕ್ಕೆ?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತಿತ್ತು. ಪರೀಕ್ಷೆಯ ಭಯವೋ, ಮುರಿದ ಸ್ನೇಹದ ದುಃಖವೋ, ಮನೆಯ ಸಾಲದ ಚಿಂತೆಯೋ ಹೊರಬೀಳುತ್ತಿತ್ತು. ವೈದ್ಯಶಾಸ್ತ್ರದ ಪದವೊಂದು ಕಿವಿಗೆ ಬಿದ್ದೊಡನೆ, ಇದು ತಮ್ಮ ಅಳವಿಗೆ ಮೀರಿದ ಸಂಗತಿಯೆಂದು ಭಾವಿಸಿ ಆ ಹಿರಿಯರು ಹಿಂದೆ ಸರಿದರು. ಹುಡುಗಿಗೆ ಆ ಹೆಸರನ್ನು ಕೊಟ್ಟವನು ವೈದ್ಯನಲ್ಲ. ಅದು ಅವಳ ಅಂಗೈಯಲ್ಲಿದ್ದ ಮೊಬೈಲಿನಿಂದ ಬಂದುದು.

ತನ್ನ ಬೇನೆಗೆ ತಾನೇ ಹೆಸರಿಟ್ಟುಕೊಳ್ಳುವ ಈ ಪದ್ಧತಿಯನ್ನು ಕುರಿತ ಇಂದಿನ ವಾಗ್ವಾದದಲ್ಲಿ, ಇದೆಲ್ಲ ಎಳೆಯರ ಸೋಗು, ನಮ್ಮ ಕಾಲದಲ್ಲಿ ಇಂಥ ರೋಗಗಳಿರಲಿಲ್ಲ ಎನ್ನುವ ಪಕ್ಷದೊಡನೆ ನನಗೆ ಎಳ್ಳಷ್ಟೂ ಸಹಮತವಿಲ್ಲ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಮನೋರೋಗಗಳಿಂದ ಬಳಲುವವರಲ್ಲಿ, ರೋಗಭೇದಕ್ಕೆ ಅನುಸಾರವಾಗಿ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ಕಂಡುಕೊಂಡಿತು. ಹಿಂದೆಯೂ ರೋಗವಿತ್ತು, ಅದನ್ನು ಆಡುವ ಬಾಯಿ ಇರಲಿಲ್ಲ. ದೆವ್ವವೆಂದೂ ಸೋಮಾರಿತನವೆಂದೂ ಹೆಸರು ಹೊತ್ತು ಹಿತ್ತಲ ಕೋಣೆಗಳಲ್ಲಿ ಸವೆದುಹೋದ ಜೀವಗಳ ಕಥೆಯನ್ನು ನಮ್ಮ ಎಷ್ಟೋ ಮನೆತನಗಳು ಬಲ್ಲವು.

ಆದರೆ ಇದಿರು ಪಕ್ಷದವರು, ವೈದ್ಯರು ವಿರಳ, ಶುಲ್ಕ ದುಬಾರಿ, ಆದುದರಿಂದ ಸ್ವಯಂನಿದಾನವೂ ವೈದ್ಯನ ನಿದಾನದಷ್ಟೇ ಪ್ರಮಾಣ ಎನ್ನುವಾಗ, ಕೊರತೆಯಿಂದ ಹೊರಟು ಪ್ರಾಮಾಣ್ಯಕ್ಕೆ ಜಿಗಿಯುತ್ತಾರೆ. ವೈದ್ಯನಿಲ್ಲದ ಊರಿನಲ್ಲಿ ಮನೆಮದ್ದು ಅನಿವಾರ್ಯವಾದೀತು; ಅನಿವಾರ್ಯವೆಂಬ ಕಾರಣದಿಂದಲೇ ಅದು ಸರಿಯಾದ ಮದ್ದಾಗದು.

ತನ್ನನ್ನು ಕುರಿತ ವರ್ಣನೆಯನ್ನು ನಂಬುವುದು ಎಷ್ಟು ಸುಲಭವೆಂಬುದಕ್ಕೆ ಹಳೆಯ ಪ್ರಯೋಗವೊಂದು ಸಾಕ್ಷಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ತನ್ನ 39 ಮಂದಿ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯನ್ನು ಕೊಟ್ಟು, ಅದರಿಂದ ತಿಳಿದ ನಿಮ್ಮ ಸ್ವಭಾವ ಇದು ಎಂದು ಪ್ರತಿಯೊಬ್ಬರಿಗೂ ಒಂದು ವರ್ಣನೆಯನ್ನು ಹಂಚಿದನು. ಅದು ತಮಗೆ ಎಷ್ಟು ಒಪ್ಪುವುದೆಂದು ಕೇಳಲಾಗಿ ಅವರು 5ಕ್ಕೆ ಸರಾಸರಿ 4ಕ್ಕಿಂತ ಮಿಗಿಲಾದ ಅಂಕವನ್ನು ಕೊಟ್ಟರು. ಎಲ್ಲರ ಕೈಯಲ್ಲಿದ್ದುದೂ ಒಂದೇ ವರ್ಣನೆ. ಅದನ್ನು ಆತನು ಬಹುಮಟ್ಟಿಗೆ ಆಯ್ದುದು ಜ್ಯೋತಿಷ್ಯದ ಪುಸ್ತಕವೊಂದರಿಂದ. ಇಟ್ಟ ವಸ್ತುವನ್ನು ಮರೆಯುವುದು, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು, ಗದ್ದಲದಲ್ಲಿ ಬಳಲುವುದು ಮುಂತಾಗಿ, ಗಮನ ನಿಲ್ಲದ ಬೇನೆಯಾದ ಎಡಿಎಚ್‌ಡಿಯ ಕುರುಹುಗಳೆಂದು ರೀಲ್ಸ್‌ಗಳು ಸಾರುವ ಲಕ್ಷಣಗಳು ಯಾರಲ್ಲಿ ತಾನೆ ಇಲ್ಲ? ಫೋರರನ ವಿದ್ಯಾರ್ಥಿಗಳಿಗೆ ಆ ಹಾಳೆ ಒಂದು ಸಲ ಬಂದಿತು. ಇಲ್ಲಿಯಾದರೋ, ಒಂದು ರೀಲನ್ನು ಕೊನೆಯತನಕ ನೋಡಿದುದೇ ತಡ, ನೋಡುವವರ ಕಣ್ಣನ್ನು ಹಿಡಿದಿಡುವುದರಲ್ಲಿಯೇ ತನ್ನ ಲಾಭವನ್ನು ಕಾಣುವ ಯಂತ್ರವು ಅದೇ ಜಾತಿಯ ಇನ್ನಷ್ಟನ್ನು ಮುಂದೊಡ್ಡುತ್ತ ಹೋಗಿ, ಸಂಜೆ ಹುಟ್ಟಿದ ಸಣ್ಣ ಸಂಶಯವನ್ನು ನಡುರಾತ್ರಿಯ ವೇಳೆಗೆ ಸಿದ್ಧಾಂತವಾಗಿ ಬೆಳೆಯಿಸುತ್ತದೆ. ಕೆನಡಾದ ಮನೋವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿಯನ್ನು ಕುರಿತ ಅತ್ಯಂತ ಜನಪ್ರಿಯವಾದ 100 ವಿಡಿಯೋಗಳನ್ನು ಪರಿಶೀಲಿಸಿ, ಅವುಗಳಲ್ಲಿ 52 ತಪ್ಪುದಾರಿಗೆ ಎಳೆಯುವಂಥವೆಂದು ನಿರ್ಣಯಿಸಿತು. ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲಿಯೇ ನಿಷಿದ್ಧವಾಯಿತು. ಅದರ ಕ್ರಮ ಮಾತ್ರ ರೀಲ್ಸ್, ಶಾರ್ಟ್ಸ್‌ಗಳ ರೂಪದಲ್ಲಿ ಮನೆಮನೆಯಲ್ಲಿ ಉಳಿದಿದೆ.

ವೈದ್ಯನು ಕೇಳತಕ್ಕ ಪ್ರಶ್ನೆಗಳೇ ಬೇರೆ. ಈ ಲಕ್ಷಣಗಳಲ್ಲಿ ಕೆಲವಾದರೂ ಹನ್ನೆರಡನೆಯ ವಯಸ್ಸಿಗೆ ಮುಂಚೆಯೇ ಇದ್ದುವೆ? ಮನೆಯಲ್ಲಿಯೂ ಶಾಲೆಯಲ್ಲಿಯೂ ಕಂಡುವೆ? ಬಾಳಿನ ವ್ಯವಹಾರವನ್ನು ನಿಜವಾಗಿಯೂ ಕೆಡಿಸಿವೆಯೆ? ಅಥವಾ ನಿದ್ರಾಭಂಗವೋ ಥೈರಾಯ್ಡ್ ದೋಷವೋ ಮರೆಯಲಾರದ ಶೋಕವೋ ಇದೇ ವೇಷದಲ್ಲಿ ಬಂದಿದೆಯೆ? ಅರವತ್ತು ಸೆಕೆಂಡಿನ ಚಿತ್ರಕ್ಕೆ ಎದುರಿಗಿರುವವರ ಬಾಲ್ಯವನ್ನು ಕೇಳುವ ಕಿವಿಯಿಲ್ಲ.

ಇದಕ್ಕಿಂತಲೂ ನನ್ನನ್ನು ಕಲಕಿರುವುದು ಭಾಷೆಗೆ ಒದಗಿರುವ ಹಾನಿ. ‘ಗ್ಯಾಸ್‌ಲೈಟ್’ ಎಂಬ ಪದವು ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ರಚಿಸಿದ ನಾಟಕದಿಂದ ಬಂದುದು. ಹೆಂಡತಿಯು ತನ್ನ ಬುದ್ಧಿಯನ್ನೇ ಸಂಶಯಿಸುವಂತೆ ಗಂಡನು ದಿನದಿನವೂ ನಡೆಸುವ ಕ್ರೌರ್ಯ ಅದರ ವಸ್ತು. ಇಂದು ಅಭಿಪ್ರಾಯಭೇದ ಮಾತ್ರಕ್ಕೆ ಆ ಪದ ಸಲ್ಲುತ್ತಿದೆ. ಪುಸ್ತಕಗಳನ್ನು ಓರಣವಾಗಿಡುವವರು ‘ನನಗೆ ಒಸಿಡಿ’ ಎನ್ನುತ್ತಾರೆ. ಕೈ ಶುದ್ಧವಾಗಿದೆಯೆಂದು ಬಲ್ಲವನಾಗಿಯೂ ಚರ್ಮ ಸುಲಿಯುವತನಕ ತೊಳೆಯದೆ ಇರಲಾರದ ಗೀಳುರೋಗಿಯು ತನ್ನ ಯಾತನೆಯನ್ನು ಹೇಳಿಕೊಳ್ಳಲು ಬಂದಾಗ, ಅವನಿಗೆ ಸಲ್ಲಬೇಕಾದ ಪದವು ಅಷ್ಟರಲ್ಲಿ ಸವೆದುಹೋಗಿರುತ್ತದೆ. ನಾನು ಈ ಪದ್ಧತಿಯನ್ನು ವಿರೋಧಿಸುವುದು ಮುಖ್ಯವಾಗಿ ಅವನ ಪಕ್ಷವಾಗಿ. ಕನ್ನಡದಲ್ಲಿಯೋ ಬೇಸರ ಬೇರೆ, ಕೊರಗು ಬೇರೆ, ತಳಮಳ ಬೇರೆ, ದುಗುಡ ಬೇರೆ. ಕೊರಗಿಗೆ ಕಳೆದುಕೊಂಡ ವಸ್ತುವೊಂದಿದೆ, ಕಳವಳಕ್ಕೆ ಬರಲಿರುವ ಕೇಡಿನ ನೆರಳಿದೆ. ಇವೆಲ್ಲವನ್ನೂ ‘ಡಿಪ್ರೆಶನ್’, ‘ಆಂಗ್ಸೈಟಿ’ ಎಂಬ ಎರಡು ಡಬ್ಬಿಗಳಿಗೆ ತುಂಬಿದ ಮೇಲೆ, ಒಳಗಿನದನ್ನು ಬಿಡಿಸಿ ನೋಡುವ ಶಕ್ತಿ ನೊಂದವರಲ್ಲಿಯೇ ಕುಂದುತ್ತದೆ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 3ನೆಯ ಪ್ರಕರಣವು, ಮನೋರೋಗವನ್ನು ಅಂಗೀಕೃತ ವೈದ್ಯಕೀಯ ಮಾನದಂಡಗಳಿಂದಲೇ ನಿರ್ಣಯಿಸತಕ್ಕದ್ದೆಂದೂ, ಸಮಾಜದ ರೀತಿನೀತಿಗೆ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಅವನನ್ನು ರೋಗಿಯೆನ್ನಕೂಡದೆಂದೂ ವಿಧಿಸಿದೆ. ಅನ್ಯರು ನಮಗೆ ಹಚ್ಚುವ ಹಣೆಪಟ್ಟಿಯಿಂದ ನಮ್ಮನ್ನು ಕಾಯಲೆಂದು ಇಷ್ಟು ಎಚ್ಚರ ವಹಿಸಿದ ಕಾಯಿದೆಯೂ, ಅಪರಿಚಿತರ ವಿಡಿಯೋ ನೋಡಿ ನಾವೇ ಹಚ್ಚಿಕೊಳ್ಳುವ ಪಟ್ಟಿಯನ್ನು ತಡೆಯಲಾರದು. ತಡೆಯಬೇಕೆಂದೂ ನಾನು ಹೇಳೆನು. ಸಂಶಯಪಡುವ ಹಕ್ಕು ಎಲ್ಲರದು. ನನ್ನ ಆಕ್ಷೇಪಣೆಯೆಲ್ಲ ಸಂಶಯವನ್ನೇ ತೀರ್ಪೆಂದು ಬಗೆದು, ತೀರ್ಪನ್ನೇ ತನ್ನ ಪರಿಚಯವನ್ನಾಗಿ ಮಾಡಿಕೊಳ್ಳುವುದಕ್ಕೆ.

ಇದರಲ್ಲಿ ವೈದ್ಯವರ್ಗದ ಪಾಲೂ ಇದೆ. ‘ರಾಶಿ’ಯೆಂದು ಹೆಸರಾದ ಡಾ. ಎಂ. ಶಿವರಾಂ ಅವರು ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿಯೇ ಬರೆದು, ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ನಾಡು ಇದು. ಆ ಬಗೆಯ ಬರೆಹ ಎಳೆಯರ ಕೈಗೆ ಸಿಕ್ಕುವೆಡೆಯಲ್ಲಿ ಇಲ್ಲದುದರಿಂದಲೇ ಆ ಸ್ಥಾನವನ್ನು ರೀಲ್ಸ್ ಹಿಡಿದುಕೊಂಡಿತು. ಬಲ್ಲವರು ಅಲ್ಲಿಗೇ ಹೋಗಿ, ಅದೇ ಮೊಬೈಲಿನಲ್ಲಿ, ತಿಳಿಗನ್ನಡದಲ್ಲಿ ಮಾತನಾಡಬೇಕಾಗಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಲು ಅವಕಾಶವುಂಟು. ಅದರ 14416 ಎಂಬ ಸಂಖ್ಯೆಯನ್ನು ಪ್ರತಿಯೊಂದು ಕಾಲೇಜಿನ ಗೋಡೆಯ ಮೇಲೂ ಬರೆಯಿಸಬೇಕು. ಕರೆಯನ್ನು ಎತ್ತಿಕೊಂಡವರು, ರೋಗದ ಹೆಸರನ್ನು ಬದಿಗಿರಿಸಿ, ನಿನ್ನೆ ರಾತ್ರಿ ನಿದ್ದೆ ಬಂದಿತೆ, ಬೆಳಗ್ಗೆ ಏನು ತಿಂದೆ, ಮನೆಯಲ್ಲಿ ಯಾರೊಡನೆ ಮಾತು ಬಿಟ್ಟಿದ್ದೀಯೆ ಎಂದು ಮೊದಲು ಕೇಳಲಿ.