ಏದುಸಿರಿಗೊಂದು ಊರುಗೋಲು

ಶ್ವಾಸಕೋಶದ ಹಳೆಯ ಬೇನೆಯುಳ್ಳವರು ಸಂಗೀತ ಕೇಳುತ್ತ ವ್ಯಾಯಾಮ ಮಾಡಿದರೆ ಹೆಚ್ಚು ಹೊತ್ತು ತಾಳಬಲ್ಲರೆಂದು ಹೇಳಿದರೆ, ವಿಜ್ಞಾನದ ವಿದ್ಯಾರ್ಥಿ ನಗುವುದುಂಟು. 'ಹಾಡು ಶ್ವಾಸನಾಳವನ್ನು ಅಗಲಿಸೀತೆ?' ಎಂಬುದು ಅವನ ಪ್ರಶ್ನೆ. ಪ್ರಶ್ನೆ ಸರಿಯಾದುದೇ, ಅಗಲಿಸದು ಎಂಬುದೇ ಅದರ ಉತ್ತರ. ಆದರೂ ಆ ನಗು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ಬೇನೆಯ ಸ್ವರೂಪವನ್ನು ನೋಡೋಣ. ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ ಈ ರೋಗಕ್ಕೆ ತಂಬಾಕಿನ ಹೊಗೆ, ಸೌದೆಯ ಒಲೆಯ ಹೊಗೆ, ಕೆಲಸದ ಸ್ಥಳದ ಧೂಳು ಮುಖ್ಯ ಕಾರಣಗಳು. 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಮಂದಿ ಇದರಿಂದ ಮಡಿದರು. ಇದರಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ. ಶ್ವಾಸಕೋಶದ ಸ್ಥಿತಿಸ್ಥಾಪಕತ್ವವೂ ಕುಗ್ಗುತ್ತದೆ. ನಳಿಗೆಯಲ್ಲಿ ಶಾಂತವಾಗಿ ಹರಿಯುವ ದ್ರವಕ್ಕೆ ಫ್ರೆಂಚ್ ವಿಜ್ಞಾನಿ ಪ್ವಾಸೆಯ್ ಕಂಡುಕೊಂಡ ನಿಯಮವನ್ನು ಇಲ್ಲಿ ನೆನೆಯಬಹುದು: ತ್ರಿಜ್ಯ ಅರ್ಧವಾದರೆ ಪ್ರತಿರೋಧ 16 ಪಟ್ಟಾಗುತ್ತದೆ. ಆದುದರಿಂದ ಉಸಿರು ಹೊರಬೀಳಲು ಬಹಳ ಹೊತ್ತು ಬೇಕು. ನಡೆಯುವಾಗ ಉಸಿರಾಟದ ವೇಗ ಹೆಚ್ಚುವುದರಿಂದ ಆ ಹೊತ್ತೇ ಸಿಕ್ಕದು. ಹಳೆಯ ಗಾಳಿ ಒಳಗೆ ಉಳಿದು ಎದೆ ಉಬ್ಬಿಯೇ ಇರುತ್ತದೆ. ಉಬ್ಬಿದ ಎದೆಗೆ ಮತ್ತೆ ಗಾಳಿ ತುಂಬುವುದು ಎಷ್ಟು ಕಷ್ಟವೆಂಬುದನ್ನು ಓದುಗರು ಊಹಿಸಬಲ್ಲರು.

ಏದುಸಿರಿಗೆ ಹೆದರಿದ ರೋಗಿ ಕುಳಿತುಬಿಡುತ್ತಾನೆ. ಕುಳಿತವನ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಬೇಗ ದಣಿದು ಇನ್ನೂ ಹೆಚ್ಚು ಉಸಿರನ್ನು ಬೇಡುತ್ತದೆ. ಈ ವಿಷಚಕ್ರವನ್ನು ಮುರಿಯಲೆಂದೇ ವೈದ್ಯರು ಕ್ರಮಬದ್ಧವಾದ ವ್ಯಾಯಾಮವನ್ನು ವಿಧಿಸುತ್ತಾರೆ. ವ್ಯಾಯಾಮವೂ ಕಿರಿದಾದ ನಾಳವನ್ನು ಅಗಲಿಸದು. ಆದರೂ ರೋಗಿಯ ನಡೆಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ಅದನ್ನು ಕಂಡು ಯಾರೂ ನಗುವುದಿಲ್ಲವಷ್ಟೆ!

ಸಂಗೀತ ಕೆಲಸಮಾಡುವುದು ಇನ್ನೊಂದು ಎಡೆಯಲ್ಲಿ. ಏದುಸಿರು ಎಂಬುದು ಎದೆಯ ಶ್ರಮ ಮಾತ್ರವಲ್ಲ, ಮಿದುಳು ಅರಿಯುವ ವೇದನೆಯೂ ಹೌದು. ಸ್ವೀಡನ್ನಿನ ಗುನ್ನರ್ ಬೋರ್ಗ್ ರಚಿಸಿದ 0ಯಿಂದ 10ರವರೆಗಿನ ಮಾಪಕದಿಂದ ವೈದ್ಯರು ಅದನ್ನು ಅಳೆಯುತ್ತಾರೆ. ಗಮನ ರಾಗದ ಕಡೆಗೆ ಹರಿದಾಗ ಅಷ್ಟೇ ಶ್ರಮ ತುಸು ಹಗುರವಾಗಿ ತೋರಬಹುದು. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 24 ರೋಗಿಗಳು 8 ವಾರ ಮನೆಯ ಬಳಿ ನಡಿಗೆಯ ಅಭ್ಯಾಸ ಮಾಡಿದರು. ಸಂಗೀತ ಕೇಳುತ್ತ ನಡೆದವರು 6 ನಿಮಿಷದಲ್ಲಿ ಕ್ರಮಿಸುವ ದೂರ ಹೆಚ್ಚಿತು, ಕೇಳದವರದು ಹೆಚ್ಚಲಿಲ್ಲ. 24 ಸಣ್ಣ ಸಂಖ್ಯೆ. ಎಲ್ಲ ಪ್ರಯೋಗಗಳೂ ಒಂದೇ ಫಲವನ್ನು ಕೊಟ್ಟಿಲ್ಲ. ಶ್ರಮ ತೀರ ಹೆಚ್ಚಿದಾಗ ಎದೆಯ ಕೂಗೇ ಹಾಡನ್ನು ಮೀರಿಸುತ್ತದೆ.

ಹೀಗಿದ್ದರೂ, ಅಗ್ಗವಾದ ಈ ನೆರವನ್ನು ವ್ಯಾಯಾಮದ ಕೊಠಡಿಯಿಂದ ಹೊರಗಿಡಲು ಕಾರಣವಿಲ್ಲ. ನಿಯಮಗಳು ಮಾತ್ರ ಇರಬೇಕು. ಹಾಡು ರೋಗಿಯು ಮೆಚ್ಚಿದ್ದಾಗಿರಲಿ. ಅದರ ಲಯ ಅವನ ನಡಿಗೆಯನ್ನು ಅಟ್ಟದಿರಲಿ. ನಿಲ್ಲಬೇಕೆನಿಸಿದಾಗ ಹಾಡು ಮುಗಿಯಲೆಂದು ಕಾಯದಿರಲಿ. ಬೀದಿಯಲ್ಲಿ ನಡೆಯುವವರ ಕಿವಿಗೆ ವಾಹನದ ಸದ್ದೂ ಕೇಳಿಸುವಂತಿರಲಿ. ಹೊಗೆ ಬಿಡುವುದಕ್ಕಾಗಲಿ ಔಷಧಕ್ಕಾಗಲಿ ಸಂಗೀತ ಬದಲಿಯಲ್ಲವೆಂದು ರೋಗಿಗೆ ತಿಳಿಯಹೇಳಬೇಕು.

ಊರುಗೋಲು ಕಾಲನ್ನು ಗುಣಪಡಿಸದು. ಆದರೂ ನಾವು ಅದನ್ನು ಮೋಸವೆನ್ನುವುದಿಲ್ಲ. ನೋವು ಅನುಭವಕ್ಕೆ ಸೇರಿದುದೆಂಬ ಕಾರಣದಿಂದ ಅದನ್ನು ಲೆಕ್ಕದಿಂದ ಬಿಡುವುದು ವಿಜ್ಞಾನವಲ್ಲ. ಬೀದಿಯ ತಿರುವಿನವರೆಗೆ ಹೋಗಲು ಅಂಜುತ್ತಿದ್ದವನು ಅದನ್ನು ದಾಟಿ ನಡೆದನೆಂದರೆ, ಆ ದೂರವನ್ನು ಯಾವ ಅಳತೆಪಟ್ಟಿಯಿಂದಲೂ ಅಳೆಯಬಹುದು.