ಬೆರಳಚ್ಚು ಸ್ಕ್ಯಾನರ್ ನಮ್ಮಲ್ಲಿ ಬೇಡವೆನ್ನುವವರಿಗೆ

ಸವೆದ ಬೆರಳನ್ನೂ ಓದಬಲ್ಲ ಬೆರಳಚ್ಚು ಸ್ಕ್ಯಾನರನ್ನು ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಮಾಡಲಿ ಎಂದು ವಾದಿಸುತ್ತ ಬಂದಿದ್ದೇನೆ. ಇದಕ್ಕೆ ಬಂದ ಆಕ್ಷೇಪಗಳಲ್ಲಿ ಮೊದಲನೆಯದು: 'ಆ ತಂತ್ರಜ್ಞಾನದ ಪೇಟೆಂಟೆಲ್ಲ ವಿದೇಶಿ ಕಂಪನಿಗಳದು, ಮುಟ್ಟಿದರೆ ಕೇಸು.'

ಎಲ್ಲಕ್ಕೂ ಪೇಟೆಂಟ್ ಪಡೆಯಲು ಯಾರಿಗೂ ಬರುವುದಿಲ್ಲ. ಗಾಜಿನ ಪಟ್ಟಕದ ಮೇಲೆ ಬೆರಳಿಟ್ಟರೆ ಗೆರೆ ತಾಗಿದ ಕಡೆ ಬೆಳಕು ಚದುರುತ್ತದೆ. ಗೆರೆಗಳ ನಡುವೆ ಗಾಳಿ ಇರುವಲ್ಲಿ ಪೂರ್ತಿ ಪ್ರತಿಫಲಿಸುತ್ತದೆ. ಇದು ಪಿಯುಸಿ ಭೌತಶಾಸ್ತ್ರ, ಯಾರ ಸ್ವತ್ತೂ ಅಲ್ಲ. ಪೇಟೆಂಟ್ ಸಿಗುವುದು ಆ ಚಿತ್ರ ಹಿಡಿಯಲು ಮಸೂರ, ಬೆಳಕು, ಸರ್ಕ್ಯೂಟುಗಳನ್ನು ಹೊಸದಾಗಿ ಜೋಡಿಸಿದ ನಿರ್ದಿಷ್ಟ ಬಗೆಗೆ. ಅದರ ಎಲ್ಲೆ ಎಲ್ಲಿಯವರೆಗೆ ಎಂಬುದು ಪೇಟೆಂಟ್ ಪತ್ರದ ಕ್ಲೈಮುಗಳಲ್ಲೇ ಬರೆದಿರುತ್ತದೆ. ಹೆದರಿಸುವ ಮುಂಚೆ ಅವನ್ನು ಓದಬೇಕು.

'ಕೊರಿಯಾದ ಸ್ಕ್ಯಾನರ್ ಕಂಪನಿ ಸುಪ್ರೀಮಾಗೆ ಆದದ್ದು ಗೊತ್ತಿಲ್ಲವೇ?' ಎಂದು ಕೇಳಿದ್ದಾರೆ. ಗೊತ್ತಿದೆ. 2010ರಲ್ಲಿ ಫ್ಲಾರಿಡಾದ ಕ್ರಾಸ್ ಮ್ಯಾಚ್ ಕಂಪನಿ, ಸುಪ್ರೀಮಾ ತನ್ನ ಪೇಟೆಂಟ್ ಉಲ್ಲಂಘಿಸಿದೆ ಎಂದು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ಸುಪ್ರೀಮಾದ ಸ್ಕ್ಯಾನರ್ ಅಲ್ಲಿಗೆ ಬಂದಿಳಿದಾಗ, ಬೆರಳಚ್ಚು ತೆಗೆಯುವ ವಿಧಾನದ ಪೇಟೆಂಟ್ ಉಲ್ಲಂಘನೆ ಇನ್ನೂ ಆಗಿರಲಿಲ್ಲ. ಮೆಂಟಾಲಿಕ್ಸ್ ಎಂಬ ಅಲ್ಲಿನ ಕಂಪನಿಯ ತಂತ್ರಾಂಶ ಸೇರಿಸಿ ಬಳಸಿದಾಗಲಷ್ಟೇ ಆಗುತ್ತಿತ್ತು. ಹಾಗಿದ್ದರೆ ಆಮದನ್ನೇ ತಡೆಯಬಹುದೇ? 2013ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೀಠ ತಡೆಯಲಾಗದು ಎಂದಿತು. 2015ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ತಡೆಯಬಹುದು ಎಂದಿತು. ಅಮೆರಿಕಕ್ಕೆ ಸರಕು ಕಳಿಸುವವರು ಈ ತೀರ್ಪಿಗೆ ಅಂಜಲೇಬೇಕು, ಒಪ್ಪುತ್ತೇನೆ. ಆದರೆ ಪೇಟೆಂಟ್ ಆಯಾ ದೇಶದ ಗಡಿಯೊಳಗಿನ ಹಕ್ಕು. ಭಾರತದಲ್ಲಿ ಪಡೆಯದ ಪೇಟೆಂಟ್ ಹಾಸನದಲ್ಲಿ ಯಾರ ಕೈಯನ್ನೂ ಕಟ್ಟದು. ಪಡೆದಿದ್ದರೂ ನಮ್ಮ 1970ರ ಕಾಯ್ದೆಯ 47ನೇ ಕಲಮು ಪ್ರಯೋಗಕ್ಕೆ, ಸಂಶೋಧನೆಗೆ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ಅವಕಾಶ ಇಟ್ಟಿದೆ. ಅನ್ಯಾಯದ ಅರ್ಜಿ ಬಂದರೆ ಮಂಜೂರಾತಿಗೆ ಮುಂಚೆ 25ನೇ ಕಲಮಿನಡಿ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. 20 ವರ್ಷಕ್ಕೆ ಹಕ್ಕು ಮುಗಿಯುತ್ತದೆ.

'ಇನ್ನೊಬ್ಬರ ಶ್ರಮ ಕದಿಯಲು ಕಲಿಸುತ್ತೀರಾ?' ಎಂಬ ಪ್ರಶ್ನೆ ನನ್ನನ್ನು ನೋಯಿಸಿತು, ಏಕೆಂದರೆ ಕಳೆದುಕೊಂಡವರ ಸಾಲಿನಲ್ಲಿ ನಮ್ಮವರೂ ಇದ್ದಾರೆ. ಬೆರಳಚ್ಚುಗಳನ್ನು ವರ್ಗೀಕರಿಸುವ ಪದ್ಧತಿಯನ್ನು ಕಲ್ಕತ್ತೆಯಲ್ಲಿ ರೂಪಿಸುವಾಗ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. 1897ರಲ್ಲಿ ಅಲ್ಲಿ ಬೆರಳಚ್ಚು ಕಚೇರಿಯೂ ತೆರೆಯಿತು. ಜಗತ್ತಿಗೆ ಆ ಪದ್ಧತಿ ಪರಿಚಯವಾದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ನಮ್ಮ ಹುಡುಗರು ಹೊಸದನ್ನು ಕಂಡುಹಿಡಿದು ಅವರವರ ಹೆಸರಿನಲ್ಲೇ ದಾಖಲಿಸಲಿ ಎಂಬುದು ನನ್ನ ಆಸೆ.

ಕೊನೆಯ ಆಕ್ಷೇಪ: 'ಒಟಿಪಿ ಇದೆ, ಕಣ್ಣಿನ ಪಾಪೆಯ ಸ್ಕ್ಯಾನರ್ ಇದೆ, ಬೆರಳೇ ಏಕೆ?' ಒಟಿಪಿಗೆ ಆಧಾರ್‌ಗೆ ಜೋಡಿಸಿದ ನಂಬರಿನ ಫೋನು ಕೈಯಲ್ಲಿರಬೇಕು. ಪಡಿತರ ತರಲು ಹೋದ ಅಜ್ಜಿಯ ಬಳಿ ಇರುತ್ತದೆಯೇ? ಅರಕಲಗೂಡಿನಲ್ಲಿ ಹೊಗೆಸೊಪ್ಪು ಮುರಿಯುವವರ ಕೈಗೆ ಅಂಟು ಮೆತ್ತಿಕೊಳ್ಳುತ್ತದೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಸುಲಿಯುವವರ, ಹೊಳೆನರಸೀಪುರದ ಗದ್ದೆಯಲ್ಲಿ ನಾಟಿ ಹಾಕುವವರ, ಹಾಸನದಲ್ಲಿ ಆಲೂಗಡ್ಡೆ ಕೀಳುವವರ ಬೆರಳಗೆರೆ ಸವೆಯುತ್ತದೆ. ಸವೆದ, ಒಣಗಿದ ಗೆರೆ ಗಾಜಿಗೆ ಸರಿಯಾಗಿ ತಾಗದು, ಚಿತ್ರ ಮೂಡದು, ಪಡಿತರ ಅಂಗಡಿಯಲ್ಲಿ 'ತಂಬ್ ತಗೋತಿಲ್ಲ, ನಾಳೆ ಬನ್ನಿ' ಎಂಬ ಮಾತು ಬರುತ್ತದೆ. ಈ ಕೈಗಳನ್ನು ದಿನವೂ ನೋಡುವ ಊರಿನಲ್ಲೇ ಇದಕ್ಕೆ ಪರಿಹಾರ ಹುಡುಕಬೇಕು. ಕಂಡುಕೊಂಡ ಪರಿಹಾರಕ್ಕೆ ನಾವೇ ಪೇಟೆಂಟ್ ಕೇಳಬಹುದು: ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕ ಶೇ 80ರಷ್ಟು ಕಡಿಮೆಯಾಗಿದೆ.